ಹಳೇ ಪಿಕಪ್ ಕೊಳ್ಳುವವರೇ, ಬಾನೆಟ್ ಮೇಲೆ ಇಬ್ಬನಿ ಇದೆಯಾ ನೋಡಿ

ಡಿಸೆಂಬರ್ ತಿಂಗಳು, ಬೆಳಿಗ್ಗೆ ಏಳು ಗಂಟೆ, ಮೂಡಿಗೆರೆ ಕಡೆಯ ಒಂದು ತೋಟ. ಕಣದ ಮೂಲೆಯಲ್ಲಿ ಗಾಡಿ ನಿಂತಿತ್ತು. 1987ರ ಡೀಸೆಲ್ ಪಿಕಪ್, ಹೊಸ ಹಸಿರು ಬಣ್ಣ, ಹೊಸ ಸೀಟು, ಹಿಂದೆ ಸರಕು ತುಂಬುವ ಡಾಲಾಗೆ ಹೊಸ ಚೈನು. ಎಂಥವರಿಗೂ ಆಸೆ ಆಗಬೇಕು, ಹಾಗಿತ್ತು. ರಾತ್ರಿಯಿಡೀ ಇಬ್ಬನಿ ಸುರಿದು ಕ್ಯಾಬಿನ್ನಿನ ತಲೆ ಮೇಲೆ, ಗಾಜಿನ ಮೇಲೆ, ಡಾಲಾ ಮೇಲೆ ಎಲ್ಲ ಕಡೆ ನೀರು ನಿಂತಿತ್ತು, ಬಾನೆಟ್ ಮಾತ್ರ ಒಣಗಿತ್ತು. ಅದನ್ನು ನಾನು ಕಣ್ಣಾರೆ ನೋಡಿದೆ, ಆದರೆ ತಲೆಗೆ ಹೋಗಲಿಲ್ಲ. "ಬನ್ನಿ ಗೌಡ್ರೇ, ಮೊದ್ಲು ಕಾಫಿ ಕುಡಿಯೋಣ, ಗಾಡಿ ಎಲ್ಲಿಗೂ ಓಡಿ ಹೋಗಲ್ಲ" ಎಂದರು ಮಾರುವವರು. ಕಾಫಿ ಆಯಿತು, ಅಕ್ಕಿ ರೊಟ್ಟಿ ಆಯಿತು, ಹೊರಗೆ ಬಂದು ಕೀ ತಿರುಗಿಸಿದರೆ ಸೆಲ್ಫ್ ಮೋಟಾರು ಅರ್ಧ ಸುತ್ತುವಷ್ಟರಲ್ಲೇ ಸ್ಟಾರ್ಟ್. ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟೆ.

ನಾನು ಬರುವ ಮುಂಚೆ, ಆರು ಗಂಟೆಗೇ, ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿ ನಿಲ್ಲಿಸಿದ್ದರು. ಇದು ಮೂರು ವಾರ ಆದಮೇಲೆ, ಹಾಸನದ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಹಾಕಿಕೊಂಡು ಕೂತಾಗ ಹೊಳೆಯಿತು. ಬೋರ್, ಅಂದರೆ ಸಿಲಿಂಡರಿನ ಒಳಮೈ, ಸವೆದು ಹೋಗಿತ್ತು, ಅದರ ಮೇಲಿನ ಹೆಡ್ ಬಿರುಕು ಬಿಟ್ಟಿತ್ತು. ಗಾಡಿಗೆ ಕೊಟ್ಟಷ್ಟೇ ದುಡ್ಡು ಮತ್ತೆ ರಿಪೇರಿಗೆ ಸುರಿದೆ. ಆ ಪಾಠದ ಫೀಸು ನೀವೂ ಕಟ್ಟುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ, ಅಂದರೆ ಸಕಲೇಶಪುರ, ಬೇಲೂರು, ಆಲ್ದೂರು, ಬಾಳೆಹೊನ್ನೂರು ಸುತ್ತಮುತ್ತ, ತೋಟದ ಶೆಡ್ಡುಗಳಲ್ಲಿ ಹಳೇ ಗಾಡಿಗಳಿಗೆ ಬರವಿಲ್ಲ. ಮಹೀಂದ್ರಾದ ಜೀಪು ಮೂತಿಯ ಪಿಕಪ್‌ಗಳು, 1988ರಲ್ಲಿ ಬಂದ ಟಾಟಾ ಮೊಬೈಲ್ 206, ಅದರ ನಂತರದ 207, ಹೀಗೆ. ಈಗ ಇವಕ್ಕೆಲ್ಲ "ವಿಂಟೇಜ್" ಅಂತ ಹೆಸರಿಟ್ಟು ರೇಟು ಏರಿಸಿದ್ದಾರೆ. ಒಂದು ವಿಷಯ ತಿಳಿದಿರಲಿ. ಸರ್ಕಾರದ 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ, ದಿನಾ ರಸ್ತೆಗೆ ಇಳಿಸುವಂತೆಯೂ ಇಲ್ಲ. ಗೊಬ್ಬರ, ಕಾಫಿ ಚೀಲ ಹೊರಲು ನಿಮಗೆ ಗಾಡಿ ಬೇಕಿದ್ದರೆ ಆ ಹೆಸರಿಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ನಾನು ಕಲಿತ ಮುಖ್ಯ ಸೂತ್ರ ಒಂದೇ. ಗಾಡಿಯಲ್ಲಿ ಯಾವುದು ಹೊಸದಾಗಿದೆಯೋ ಅಲ್ಲೇ ಮೊದಲು ನೋಡಬೇಕು. ನಾವು ತುಕ್ಕು ಹಿಡಿದ ಜಾಗ ಹುಡುಕುತ್ತಾ ಹೋಗುತ್ತೇವೆ, ತುಕ್ಕು ಹೊಸ ಬಣ್ಣದ ಕೆಳಗೆ ಕೂತಿರುತ್ತದೆ. 35 ವರ್ಷದ ಗಾಡಿಯ ಎಂಜಿನ್ನು ಮದುವೆ ಮನೆ ಪಾತ್ರೆ ಹಾಗೆ ಹೊಳೆಯುತ್ತಿದ್ದರೆ ಹಿಂದಿನ ದಿನ ಡೀಸೆಲ್ ಹಾಕಿ ತೊಳೆದಿದ್ದಾರೆ ಅಂತಲೇ ಅರ್ಥ. ಹಳೇ ಎಂಜಿನ್ ಸ್ವಲ್ಪ ಜಿಡ್ಡು ಇರಲೇಬೇಕು. ಎಣ್ಣೆ ಎಲ್ಲಿಂದ ಸೋರುತ್ತಿದೆ ಅಂತ ಆ ಜಿಡ್ಡೇ ಹೇಳುತ್ತದೆ.

ಹೋಗುವುದು ಯಾವಾಗ, ಯಾರ ಜೊತೆ

ಹೇಳದೆ ಹೋಗಲು ಆಗುವುದಿಲ್ಲ, ಆದರೆ ಹೇಳಿದ ಹೊತ್ತಿಗಿಂತ ಒಂದು ಗಂಟೆ ಮುಂಚೆ ಹೋಗಬಹುದು. ಹೋದ ತಕ್ಷಣ ಕಾಫಿಗೆ ಕರೆದರೆ "ಗಾಡಿ ನೋಡ್ಕೊಂಡು ಕುಡಿಯೋಣ ಮಾರಾಯ್ರೇ" ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಾನೆಟ್ ಮೇಲೆ ಅಂಗೈ ಇಡಿ. ಆಮೇಲೆ ಬಾನೆಟ್ ಎತ್ತಿ ಸೈಲೆನ್ಸರ್ ಶುರುವಾಗುವ ಜಾಗದಲ್ಲಿ ಮೆಲ್ಲಗೆ ಮುಟ್ಟಿ. ಬಿಸಿ ಇದ್ದರೆ "ನಾಳೆ ಬರ್ತೀನಿ, ಸ್ಟಾರ್ಟ್ ಮಾಡ್ದೆ ಬಿಟ್ಟಿರಿ" ಅಂತ ಹೇಳಿ ಎದ್ದು ಬನ್ನಿ. ನಾಚಿಕೆ ಬೇಡ.

ಕಾಲವೂ ಮುಖ್ಯ. ಕೊಯ್ಲು ಶುರುವಾಗುವ ಮುಂಚೆ, ಅಕ್ಟೋಬರ್ ನವೆಂಬರ್ ಹೊತ್ತಿಗೆ, ಎಲ್ಲರಿಗೂ ಪಿಕಪ್ ಬೇಕು, ಮಾರುವವರ ಮಾತು ಆಗ ಗಟ್ಟಿ. ನನ್ನನ್ನು ಕೇಳಿದರೆ ಜುಲೈ ಆಗಸ್ಟ್‌ನ ಜಡಿ ಮಳೆಯಲ್ಲೇ ಹೋಗಿ. ಕ್ಯಾಬಿನ್ ಎಲ್ಲಿ ಸೋರುತ್ತದೆ, ವೈಪರ್ ಓಡುತ್ತದಾ, ಥಂಡಿಗೆ ವೈರಿಂಗ್ ಕೈಕೊಡುತ್ತದಾ, ಏರಿನ ಕೆಸರಲ್ಲಿ ಗಾಡಿ ಏನು ಮಾಡುತ್ತದೆ, ಇದೆಲ್ಲ ಕೇಳದೆಯೇ ಗೊತ್ತಾಗುತ್ತದೆ. ಬಿಸಿಲಲ್ಲಿ ಎಲ್ಲಾ ಗಾಡಿಯೂ ಚೆಂದವೇ.

ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಆದರೆ ಮಾರುವವರ ಊರಿನ ಮೇಸ್ತ್ರಿ ಬೇಡ. ಆ ಗಾಡಿಯನ್ನು ಹತ್ತು ವರ್ಷದಿಂದ ರಿಪೇರಿ ಮಾಡಿದವನು ಅವನೇ ಆಗಿರುತ್ತಾನೆ. ಸುಮ್ನೆ ಅವನನ್ನು ಯಾಕೆ ಇಕ್ಕಟ್ಟಿಗೆ ಸಿಕ್ಕಿಸುವುದು ಅಲ್ವಾ? ನಿಮ್ಮ ಮೇಸ್ತ್ರಿಗೆ ಒಂದು ದಿನದ ಕೂಲಿ, ಊಟ ಕೊಡಿ. "ಕೊಂಡರೆ ಕಮಿಷನ್" ಅನ್ನುವ ಲೆಕ್ಕ ಇಟ್ಟುಕೊಂಡರೆ ಅವನಿಗೆ ಎಲ್ಲ ಗಾಡಿಯೂ ಸರಿಯಾಗಿಯೇ ಕಾಣುತ್ತದೆ.

ಮೊದಲು ಹಿಂದಿನ ಡಾಲಾ, ಆಮೇಲೆ ಎಂಜಿನ್

ಎಲ್ಲರೂ ಬಾನೆಟ್ಟಿಗೆ ಓಡುತ್ತಾರೆ. ನಾನೀಗ ಮೊದಲು ಡಾಲಾ ನೋಡುತ್ತೇನೆ. ತೋಟದ ಗಾಡಿ ಹೊರುವುದು ಏನನ್ನು ಹೇಳಿ? ಯೂರಿಯಾ, ಪೊಟ್ಯಾಷ್, ಸಗಣಿ ಗೊಬ್ಬರ, ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಔಷಧದ ಡ್ರಮ್ಮು. ಪೊಟ್ಯಾಷ್ ಅಂದರೆ ಒಂದು ಜಾತಿಯ ಉಪ್ಪೇ. ಮೈಲುತುತ್ತದ ನೀರು ಚೆಲ್ಲಿದರಂತೂ ಕಬ್ಬಿಣವನ್ನು ತಿಂದೇ ಹಾಕುತ್ತದೆ. ಹರಿದ ಚೀಲದಿಂದ ಉದುರಿದ ಗೊಬ್ಬರ ತಗಡಿನ ಸಂದಿಗೆ ಸೇರಿ, ಅದರ ಮೇಲೆ ನಮ್ಮ ಮಳೆ ಬಿದ್ದು, ಹತ್ತಿಪ್ಪತ್ತು ವರ್ಷ ಆದಮೇಲೆ ಆ ಜಾಗದಲ್ಲಿ ಉಳಿಯುವುದು ಬಣ್ಣ ಮಾತ್ರ. ಅದಕ್ಕೇ ಡಾಲಾಗೆ ಹಾಸಿದ ರಬ್ಬರ್ ಮ್ಯಾಟು, ಹೊಸ ಚೆಕರ್ ಪ್ಲೇಟು ಕಂಡರೆ ಎತ್ತಿ ತೋರಿಸಲು ಹೇಳಿ. ವೆಲ್ಡ್ ಮಾಡಿ ಮುಚ್ಚಿದ್ದರೆ ಕೆಳಗಿನಿಂದ ನೋಡಿ.

ಕೆಳಗೆ ಹೋಗಲೇಬೇಕು. ಗೋಣಿ ಚೀಲ ಹಾಸಿಕೊಂಡು, ಟಾರ್ಚು ಮತ್ತು ಒಂದು ಸ್ಕ್ರೂ ಡ್ರೈವರ್ ಹಿಡಿದು ಮಲಗಿ. ಚಾಸಿಯ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ, ಉದ್ದಕ್ಕೂ ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆ ತುದಿಯಿಂದ ಒತ್ತಿ. ಒಳಗೆ ಇಳಿದರೆ ಮಾತು ಮುಗಿಯಿತು. ಹೆಚ್ಚಾಗಿ ಹೋಗುವುದು ಲೀಫ್ ಪ್ಲೇಟಿನ ಬ್ರಾಕೆಟ್ ಕೂತಿರುವ ಜಾಗ, ಅಡ್ಡಪಟ್ಟಿ ಚಾಸಿಗೆ ಸೇರುವ ಮೂಲೆ, ಕ್ಯಾಬಿನ್ನಿನ ಬೆನ್ನ ಹಿಂದೆ ಮಣ್ಣು ಕಟ್ಟಿಕೊಳ್ಳುವ ಜಾಗ. ನನ್ನ ಗಾಡಿಯ ಅಡಿಗೆಲ್ಲ ಕಪ್ಪು ಬಣ್ಣ ದಪ್ಪಗೆ ಬಳಿದಿದ್ದರು. "ಅಂಡರ್ ಕೋಟಿಂಗ್ ಮಾಡಿಸಿದೀವಿ ಸಾರ್" ಅಂದಿದ್ದರು, ನಾನು ಖುಷಿಪಟ್ಟಿದ್ದೆ! ಮೇಸ್ತ್ರಿ ಅದನ್ನು ಕೆರೆದಾಗ ಕೆಳಗೆ ಪಟ್ಟಿ ಹಾಕಿ ಮಾಡಿದ ವೆಲ್ಡಿಂಗು, ಪಟ್ಟಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಎಂಜಿನ್ ಹೋದರೆ ಕಟ್ಟಿಸಬಹುದು, ಗೇರ್ ಬಾಕ್ಸ್ ಗುಜರಿಯಲ್ಲಿ ಸಿಗುತ್ತದೆ, ಚಾಸಿ ಕೊಳೆತ ಗಾಡಿ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.

ಬಾಗಿಲು, ಮಡ್ಗಾರ್ಡುಗಳಿಗೆ ಒಂದು ಸಣ್ಣ ಅಯಸ್ಕಾಂತ ಸಾಕು. ಮೇಲೆ ತೆಳ್ಳನೆ ಬಟ್ಟೆ ಸುತ್ತಿ ಸವರಿ. ಅಂಟದೆ ಜಾರಿದರೆ ಅಲ್ಲಿರುವುದು ತಗಡಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ.

ತಣ್ಣಗಿರುವಾಗಲೇ ನೋಡಬೇಕಾದದ್ದು

ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ತಣ್ಣಗಿದ್ದಾಗ ಮಾತ್ರ. ಬಿಸಿ ಇರುವಾಗ ತೆಗೆದು ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ನೀರು ಅಡಿಕೆ ಚೊಗರಿನ ಹಾಗೆ ಕೆಂಪಗಿದ್ದರೆ ಒಳಗೆಲ್ಲ ತುಕ್ಕು, ಕೂಲಂಟ್ ಹಾಕದೆ ತೊರೆ ನೀರು ತುಂಬಿಸಿ ಓಡಿಸಿದ್ದಾರೆ. ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟೋ ಹೆಡ್ಡೋ ಹೋಗಿರುವ ಸಾಧ್ಯತೆ ಜಾಸ್ತಿ. ಆಯಿಲ್ ಅಳೆಯುವ ಕಡ್ಡಿ, ಡಿಪ್ ಸ್ಟಿಕ್, ಎಳೆದು ನೋಡಿ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರುವುದು ತಪ್ಪಲ್ಲ. ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ ಇದ್ದರೆ ಆಯಿಲಿಗೆ ನೀರು ಸೇರಿದೆ. ಬೆಲ್ಲದ ಪಾಕದ ಹಾಗೆ ದಪ್ಪ ಇದ್ದರೆ ಸದ್ದು ಅಡಗಿಸಲು, ಹೊಗೆ ತಡೆಯಲು ಏನೋ ಸುರಿದಿದ್ದಾರೆ.

ಈಗ ಮುಚ್ಚಳ ತೆಗೆದೇ ಇಟ್ಟು ಸ್ಟಾರ್ಟ್ ಮಾಡಿಸಿ. ಕೀ ಆನ್ ಮಾಡಿದ ಕೂಡಲೇ ಆಯಿಲ್ ದೀಪ ಹತ್ತಬೇಕು, ಎಂಜಿನ್ ಓಡಿದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಬಲ್ಬು ಕಿತ್ತಿರಬಹುದು. ಪ್ರೆಷರ್ ಇಲ್ಲದ ಎಂಜಿನ್ನಿಗೆ ಇದಕ್ಕಿಂತ ಅಗ್ಗದ ರಿಪೇರಿ ಇಲ್ಲವಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಒಂದೇ ಸಮನೆ ಏಳುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ. ನನ್ನ ಗಾಡಿಯಲ್ಲಿ ಇದನ್ನೊಂದು ನೋಡಿದ್ದರೂ ಸಾಕಿತ್ತು.

ಬೆಳಗಿನ ಚಳಿಗೆ ಸ್ಟಾರ್ಟ್ ಆಗಲು ತಡ ಮಾಡಿದರೆ ಗಾಡಿ ಕೆಟ್ಟದ್ದು ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಮಹೀಂದ್ರಾದ ಹಳೇ ಗಾಡಿಗಳಲ್ಲಿ ಬರುವ 2112 ಸಿಸಿ ಪೂಜೋ ಎಂಜಿನ್ನಿನಲ್ಲಿ ಮೊದಲು ಹೀಟರ್ ಪ್ಲಗ್ ಬಿಸಿಯಾಗಬೇಕು, ಆಮೇಲೆ ಸೆಲ್ಫ್ ಹೊಡೆಯಬೇಕು. ಪ್ಲಗ್ ಸುಟ್ಟಿದ್ದರೆ ಒಳ್ಳೆ ಎಂಜಿನ್ನೂ ಮೊಂಡು ಹಿಡಿಯುತ್ತದೆ, ಅದು ಸಣ್ಣ ಖರ್ಚು. ಪ್ಲಗ್ ಸರಿಯಿದ್ದು, ಬ್ಯಾಟರಿ ಚುರುಕಾಗಿದ್ದು, ಎಂಜಿನ್ ಸಲೀಸಾಗಿ ತಿರುಗಿಯೂ ಹತ್ತುತ್ತಿಲ್ಲ ಅಂದರೆ ಕಂಪ್ರೆಷನ್ ಮೇಲೆ, ಅಂದರೆ ಸಿಲಿಂಡರಿನ ಒಳಗಿನ ಒತ್ತಡದ ಮೇಲೆ, ಅನುಮಾನ ಪಡಬೇಕು. ಬಿಸಿಯಾದ ಮೇಲೆ ಇದೇ ಎಂಜಿನ್ ಸಲೀಸಾಗಿ ಹತ್ತುತ್ತದೆ. ಮುಂಚೆಯೇ ಬಿಸಿ ಮಾಡಿಡುವ ನಾಟಕ ಅದಕ್ಕೇ.

ಹತ್ತು ನಿಮಿಷ ಓಡಲಿ. ಆಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಉಲ್ಟಾ ಇಡಿ. ಸಣ್ಣಗೆ ನಡುಗಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದರೆ, ಬೆಲ್ಲದ ಗಾಣದ ಒಲೆ ಹಾಗೆ ಬುಸುಬುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿದೆ ಅಂತ, ಅಂದರೆ ಪಿಸ್ಟನ್ ರಿಂಗು, ಬೋರು ಸವೆದಿದೆ. ಸೈಲೆನ್ಸರಿನ ಹೊಗೆಯನ್ನೂ ನೋಡಿ. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಬಂದರೆ ನಾಜಲ್ಲು, ಪಂಪು, ಏರ್ ಫಿಲ್ಟರ್ ಇದರಲ್ಲಿ ಯಾವುದೋ ಒಂದು, ಅಷ್ಟು ಹೆದರಬೇಕಿಲ್ಲ. ಚಳಿಗೆ ಮೊದಲೆರಡು ನಿಮಿಷ ಬಿಳಿ ಹೊಗೆ ಸಹಜ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು.

ಏರು ಹತ್ತಿಸದೆ ದುಡ್ಡು ಕೊಡಬೇಡಿ

ಬೇಲೂರು ರಸ್ತೆಯಲ್ಲಿ ಸಪಾಟಾಗಿ ನಾಲ್ಕು ಕಿಲೋಮೀಟರ್ ಓಡಿಸಿ ಬಂದರೆ ಏನೂ ಗೊತ್ತಾಗುವುದಿಲ್ಲ. ಮಾರುವವರು ನಿಮ್ಮನ್ನು ಕರೆದೊಯ್ಯುವುದು ಅಂಥ ರಸ್ತೆಗೇ. ನೀವು ಏರು ಕೇಳಿ. ಚಿಕ್ಕಮಗಳೂರಿನವರಿಗೆ ಕೈಮರದಿಂದ ಮುಳ್ಳಯ್ಯನಗಿರಿ ಕಡೆಗೆ ಹತ್ತುವ ರಸ್ತೆ ಇದೆ, ಮೂಡಿಗೆರೆಯವರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ವಾಪಸ್ ಹತ್ತಬಹುದು. ಖಾಲಿ ಗಾಡಿ ಬೇಡ. ಹತ್ತು ಚೀಲ ಗೊಬ್ಬರ ಹಾಕಿಸಿ, ಮಾರುವವರದ್ದೇ ಆದರೂ ಸರಿ. ಒಪ್ಪದಿದ್ದರೆ ಅದೇ ಉತ್ತರ.

ಏರಲ್ಲಿ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ನನ್ನದು ಮೊದಲ ಮೂರು ವಾರ ಖಾಲಿ ಓಡುವಾಗ ಒಂದು ತಕರಾರೂ ಮಾಡಲಿಲ್ಲ. ಮೊದಲ ಸಲ ಚೆರ್ರಿ ಚೀಲ ತುಂಬಿ ಹತ್ತಿಸಿದ ದಿನ, ಅರ್ಧ ಏರಿಗೇ ಮುಳ್ಳು ಕೆಂಪಿಗೆ ಹೋಗಿ ಬಾನೆಟ್ಟಿನಿಂದ ಆವಿ. ಹಿಂದೆ ಬಸ್ಸು, ಬಸ್ಸಿನ ಹಿಂದೆ ಸಾಲು, ಎಲ್ಲರ ಹಾರ್ನು. ಮುಳ್ಳು ಅಲ್ಲಾಡದೆ ಒಂದೇ ಕಡೆ ಕೂತಿದ್ದರೂ ಖುಷಿ ಪಡಬೇಡಿ, ಮೀಟರಿನ ವೈರು ಕಿತ್ತಿರಬಹುದು. ತಣ್ಣಗಿದ್ದಾಗ ಕೆಳಗಿದ್ದದ್ದು ಬಿಸಿಯಾದಂತೆ ಮೆಲ್ಲಗೆ ಮೇಲೇರಿ ನಡುವೆ ನಿಲ್ಲಬೇಕು.

ಕ್ಲಚ್ ನೋಡಲು ಸಣ್ಣ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಮೆಲ್ಲಗೆ ಕ್ಲಚ್ ಬಿಡಿ. ಎಂಜಿನ್ ಗಕ್ಕನೆ ಆಫ್ ಆಗಬೇಕು. ಆಫ್ ಆಗದೆ ಸುಮ್ನೆ ಕೂಗುತ್ತಿದ್ದರೆ ಪ್ಲೇಟ್ ಮುಗಿದಿದೆ. ಪದೇ ಪದೇ ಮಾಡಬೇಡಿ, ಇದ್ದ ಪ್ಲೇಟೂ ಸುಟ್ಟೀತು. ಇಳಿಯುವಾಗ ಎರಡು, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರ್ ರಾಡಿನಿಂದ ಕೈ ತೆಗೆಯಿರಿ. ರಾಡು ತಾನಾಗಿಯೇ ನ್ಯೂಟ್ರಲ್ಲಿಗೆ ಹಾರಿದರೆ ಗೇರ್ ಬಾಕ್ಸ್ ಬಿಚ್ಚಬೇಕು. ಘಾಟಿ ಇಳಿಯುವಾಗ ಗೇರ್ ಹಾರುವುದು ಅಂದರೆ ಜೀವದ ಜೊತೆ ಆಟ. ಬ್ರೇಕೂ ಅಷ್ಟೇ. ಪೆಡಲ್ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಕಾಲಿನ ಕೆಳಗೆ ಮೆಲ್ಲಗೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರೋ ಪೈಪೋ ಸೋರುತ್ತಿದೆ. ಚಕ್ರದ ಒಳಮೈ ಒದ್ದೆ ಇದೆಯಾ ಅಂತಲೂ ನೋಡಿ.

ಸ್ಟೇರಿಂಗ್ ಪ್ಲೇ ಹಳೇ ಗಾಡಿಯಲ್ಲಿ ಒಂದೆರಡು ಇಂಚು ಇದ್ದೇ ಇರುತ್ತದೆ. ಕಾಲು ಸುತ್ತು ತಿರುಗಿಸಿದರೂ ಚಕ್ರ ಅಲ್ಲಾಡದಿದ್ದರೆ ಜಾಕ್ ಹಾಕಿ ಮುಂದಿನ ಚಕ್ರ ಎತ್ತಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಇದ್ದರೆ ಬೇರಿಂಗು ಇಲ್ಲವೇ ಕಿಂಗ್ ಪಿನ್, ಎಡ ಬಲ ಹಿಡಿದಾಗ ಸಡಿಲ ಇದ್ದರೆ ಟೈ ರಾಡ್ ಎಂಡ್.

ಫೋರ್ ವೀಲ್ ಡ್ರೈವ್ ಅಂತ ಹೇಳಿ ಜಾಸ್ತಿ ಕೇಳಿದರೆ ಲಿವರ್ ನೋಡಿ ನಂಬಬೇಡಿ. ಒಳಗಿನ ಗೇರು ಕೆಟ್ಟ ಮೇಲೆ ಮುಂದಿನ ಶಾಫ್ಟೇ ಬಿಚ್ಚಿ ಮೂಲೆಗೆ ಎಸೆದಿರುವ ಗಾಡಿಗಳಿವೆ, ಲಿವರ್ ಮಾತ್ರ ಜಾಗದಲ್ಲೇ ಇರುತ್ತದೆ. ಕೆಸರಲ್ಲಿ ಹಾಕಿಸಿ, ಮುಂದಿನ ಚಕ್ರ ಎಳೆಯುತ್ತದಾ ನೋಡಿ. ಒಣ ಟಾರ್ ರಸ್ತೆಯಲ್ಲಿ ಆ ಪರೀಕ್ಷೆ ಮಾಡಿದರೆ ನೀವೇ ಗೇರು ಮುರಿದ ಹಾಗಾಗುತ್ತದೆ.

ಕಾಗದದಲ್ಲೂ ತುಕ್ಕು ಇರುತ್ತದೆ

ಬೋರ್ಡು ಕೆಎ 13 ಇರಲಿ, ಕೆಎ 18 ಇರಲಿ, ಸಕಲೇಶಪುರದ ಕೆಎ 46 ಇರಲಿ, ನಂಬರನ್ನು ಸರ್ಕಾರದ ವೆಬ್‌ಸೈಟ್ ಪರಿವಾಹನ್‌ನಲ್ಲಿ ಹಾಕಿ ನೋಡಿ. ತೀರಾ ಹಳೇ ಗಾಡಿಗಳು ಅದರಲ್ಲಿ ಬರುವುದೇ ಇಲ್ಲ, ಪುಸ್ತಕದ ಆರ್‌ಸಿ ಇನ್ನೂ ಕಂಪ್ಯೂಟರಿಗೆ ಏರಿರುವುದಿಲ್ಲ. ಹಾಗಿದ್ದರೆ ಆರ್‌ಟಿಒ ಕಚೇರಿಯಲ್ಲಿ ಅದನ್ನು ಏರಿಸಿಕೊಡುವ ಜವಾಬ್ದಾರಿ ಮಾರುವವರದ್ದು, ನಿಮ್ಮದಲ್ಲ. ನಮ್ಮ ಕಡೆ ಇನ್ನೊಂದು ಸಾಮಾನ್ಯ ತೊಡಕು, ಆರ್‌ಸಿ ಅಜ್ಜನ ಹೆಸರಲ್ಲಿ ಇರುತ್ತದೆ, ಅಜ್ಜ ತೀರಿಕೊಂಡು ಹದಿನೈದು ವರ್ಷ ಆಗಿರುತ್ತದೆ, ಮೊಮ್ಮಗ ಮಾರಲು ನಿಂತಿರುತ್ತಾನೆ. ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ಫಾರಂ 29, 30ರಲ್ಲಿ ನಿಮ್ಮ ಹೆಸರಿಗೆ. ಅಣ್ಣ ತಮ್ಮಂದಿರ ಪಾಲಿನ ಜಗಳ ನಡೆಯುತ್ತಿದ್ದರೆ ದೂರದಿಂದಲೇ ಕೈ ಮುಗಿದು ಬನ್ನಿ.

ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಎಂಜಿನ್ ನಂಬರೂ ಹಾಗೇ. ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಮಾಮೂಲಿ ಕೆಲಸ, ಆರ್‌ಸಿಯಲ್ಲಿ ಮಾತ್ರ ಇನ್ನೂ ಪೆಟ್ರೋಲ್ ಅಂತಲೇ ಇರುತ್ತದೆ. ಅದನ್ನು ಸರಿ ಮಾಡಿಸದೆ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಅಂದರೆ ಎಫ್‌ಸಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಹಳದಿ ಬೋರ್ಡಾದರೆ ಎಫ್‌ಸಿ, ಟ್ಯಾಕ್ಸು ಎಲ್ಲಿಯವರೆಗೆ ಇದೆ ನೋಡಿ. ಬಿಳಿ ಬೋರ್ಡಾದರೆ 15 ವರ್ಷದ ಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್ ಆಗಿದೆಯಾ ನೋಡಿ. ಸಾಲ ಇದ್ದ ಗಾಡಿಯಾದರೆ ಸಾಲ ತೀರಿದೆ ಅನ್ನುವ ಬ್ಯಾಂಕಿನ ಫಾರಂ 35 ಕೈಗೆ ಬರಲಿ. ಕೊಂಡ 30 ದಿನದ ಒಳಗೆ ಹೆಸರು ಬದಲಾಯಿಸಲು ಅರ್ಜಿ ಹಾಕಬೇಕು. ಗಾಡಿ ಕೈಗೆ ತೆಗೆದುಕೊಳ್ಳುವ ದಿನ ಡೆಲಿವರಿ ಚೀಟಿಯಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆಸಿ, ಹಿಂದಿನ ರಾತ್ರಿ ಆ ಗಾಡಿಯಿಂದ ಏನು ನಡೆದಿದೆಯೋ ಯಾರಿಗೆ ಗೊತ್ತು, ಅದು ನಿಮ್ಮ ತಲೆಗೆ ಬರಬಾರದು.

ರೇಟು ಮಾತಾಡುವಾಗ ಬಣ್ಣ, ಸೀಟು, ಮ್ಯೂಸಿಕ್ ಸಿಸ್ಟಮ್ ಇವುಗಳ ಲೆಕ್ಕ ಬಿಡಿ. ನಿಮ್ಮ ಮೇಸ್ತ್ರಿ ಹೇಳಿದ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಅಂದಾಜು ಖರ್ಚು ಹಾಕಿ, ಅದನ್ನು ಅವರ ಮುಂದೆ ಇಟ್ಟು ಸುಮ್ಮನೆ ಕೂರಿ. ಚೀಟಿಗೆ ಇರುವ ಬೆಲೆ ನಮ್ಮ ಮಾತಿಗೆ ಇಲ್ಲ. "ಇನ್ನೊಬ್ರು ಮಧ್ಯಾಹ್ನ ಬರ್ತಾರೆ" ಅನ್ನುವ ಮಾತು ಬಂದೇ ಬರುತ್ತದೆ. ಬರಲಿ ಬಿಡಿ, ಅವರೂ ಕಾಫಿ ಕುಡಿದು ಹೋಗಲಿ.

ಕೊಂಡ ಮೇಲೆ ಮೊದಲ ವಾರವೇ ಎಲ್ಲ ಆಯಿಲ್ ಬದಲಿಸಿ. ಎಂಜಿನ್ನದ್ದು ಎಲ್ಲರೂ ಮಾಡುತ್ತಾರೆ, ಗೇರ್ ಬಾಕ್ಸು ಮತ್ತು ಹೌಸಿಂಗಿನದ್ದು (ಹಿಂದಿನ ಆಕ್ಸಲಿನ ನಡುವೆ ಗೇರುಗಳಿರುವ ಗೂಡು) ಮರೆತುಬಿಡುತ್ತಾರೆ. ಇಳಿಸಿದ ಆಯಿಲನ್ನು ಚೆಲ್ಲುವ ಮುಂಚೆ ಬಿಸಿಲಿಗೆ ಹಿಡಿದು, ಎರಡು ಬೆರಳ ನಡುವೆ ಉಜ್ಜಿ ನೋಡಿ. ಸಣ್ಣ ಮಿಣಮಿಣ ಪುಡಿ ಇರಬಹುದು, ಉಗುರಿಗೆ ಸಿಗುವಂಥ ಚೂರು ಬಂದರೆ ಹಲ್ಲು ಮುರಿದಿದೆ. ನಾನು ಇದನ್ನು ಮಾಡಿಸಿದ್ದು ಹೆಡ್ಡಿನ ಕೆಲಸ ಎಲ್ಲ ಮುಗಿದ ಮೇಲೆ, ತೀರಾ ತಡವಾಗಿ. ಅದುವರೆಗೆ ಹಿಂದಿನ ಹೌಸಿಂಗ್ ಒಂದು ಚೂರೂ ಕೂಗಿರಲಿಲ್ಲ, ಇಡೀ ಗಾಡಿಯಲ್ಲಿ ಸರಿಯಾಗಿರುವುದು ಇದೊಂದೇ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ. ಡ್ರೈನ್ ನಟ್ ಬಿಚ್ಚಿದರೆ ಆಯಿಲ್ ಸುರಿಯಲಿಲ್ಲ, ಕೆಸರಿನ ಹಾಗೆ ಉಂಡೆ ಉಂಡೆಯಾಗಿ ಬಿತ್ತು. ಮೇಸ್ತ್ರಿ ಒಂದು ಚಿಟಿಕೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದ. ಮರದ ಹೊಟ್ಟು. ಒಳಗಿನ ಕ್ರೌನ್ ಪಿನಿಯನ್ ಗೇರು ಕೂಗಬಾರದು ಅಂತ ಹೌಸಿಂಗಿನ ತುಂಬಾ ಮರದ ಹೊಟ್ಟು ತುಂಬಿಸಿದ್ದರು.

"ಸಿಲ್ವರ್ ಓಕ್ ಮರದ್ದಿರ್ಬೇಕು ನೋಡಿ ಗೌಡ್ರೇ, ತೇಗ ಆಗಿದ್ರೆ ವಾಸನೆ ಬರೋದು" ಎಂದ ಅವನು, ನಗದೆ.